“ಒಣಗಿಸಿ ಸುಟ್ಟುಬಿಡಿ” ಅನ್ನೋ ಫಾರ್ವರ್ಡ್ ಮೇಲೆ ಹೈಸ್ಕೂಲ್ ಬ್ಯಾಚ್ ಜಗಳ

ರಮೇಶ: (ಫಾರ್ವರ್ಡ್) ಅಮೆರಿಕದಲ್ಲಿರುವ ನಿಮ್ಮವರಿಗೆ ತಪ್ಪದೇ ಕಳಿಸಿ! ಹಿತ್ತಲಲ್ಲಿ ಪಾಯಿಸನ್ ಐವಿ (ಮುಟ್ಟಿದರೆ ತುರಿಕೆ, ಗುಳ್ಳೆ ಬರಿಸುವ ಬಳ್ಳಿ) ಬಂದರೆ ರಬ್ಬರ್ ಗ್ಲೌಸ್ ಹಾಕಿ ಕಿತ್ತು, ಒಣಗಿಸಿ ಸುಟ್ಟುಬಿಡಿ. ತುರಿಕೆಗೆ ಬ್ಲೀಚ್ ಹಚ್ಚಿ.

ಗುರು: ಲೋ, ಇದನ್ನ ಯಾರೂ ಮಾಡ್ಬೇಡ್ರಪ್ಪ. ಅದರ ಎಲೆ, ಕಾಂಡ, ಬೇರು ಎಲ್ಲದರಲ್ಲೂ ಉರುಶಿಯಾಲ್ ಅನ್ನೋ, ತುರಿಕೆ ಬರಿಸೋ ಎಣ್ಣೆ ಇರತ್ತೆ. ಸುಟ್ರೆ ಹೊಗೆ ಜೊತೆ ಗಂಟಲಿಗೂ ಶ್ವಾಸಕೋಶಕ್ಕೂ ಹೋಗತ್ತೆ. ಆಸ್ಪತ್ರೆ ಸೇರಬೇಕಾಗತ್ತೆ.

ರಮೇಶ: ಒಣಗಿಸಿ ಅಂತ ಬರೆದಿದೆಯಲ್ಲೋ. ಒಣಗಿದ್ಮೇಲೆ ಎಣ್ಣೆ ಎಲ್ಲಿರತ್ತೆ?

ಗುರು: ಅಲ್ಲೇ ಇರತ್ತೆ. ಅದು ಆರಿಹೋಗೋ ಎಣ್ಣೆ ಅಲ್ಲ. ಸತ್ತ ಬಳ್ಳಿ, ಕತ್ತರಿ, ಶೂ ಲೇಸು ಮೇಲೆ ವರ್ಷಗಟ್ಟಲೆ ಉಳಿಯತ್ತೆ. ಬೆಂಕಿಗೂಡಿಗೆ ಹಾಕೋ ಸೌದೆಯನ್ನೂ ನೋಡ್ಕೋಬೇಕು. ಕಂದು ಕೂದಲಿನಂಥ ಬೇರು ಇರೋ ಬಳ್ಳಿ ಅಂಟಿದ್ರೆ ಆ ತುಂಡು ಮುಟ್ಟಲೇಬೇಡಿ.

ಶಶಿ: ಊರಲ್ಲಿರೋ ನಮಗೆ ಯಾಕ್ರೋ ಈ ರಾಮಾಯಣ?

ಸುಧಾ: ಮೇ ಬಂತಂದ್ರೆ ಅಪ್ಪ ಅಮ್ಮ ಮಗಳ ಮನೆಗೆ ಅಂತ ನ್ಯೂಜೆರ್ಸಿಗೆ ಹೊರಡ್ತಾರಲ್ಲ, ಅದಕ್ಕೆ. ಎರಡನೇ ದಿನಾನೇ ಬರಿಗೈಲಿ ಬೇಲಿ ಕಳೆ ಕೀಳೋಕೆ ಕೂತಿರ್ತಾರೆ. ಮೊದಲು ಗುರುತು ಹೇಳ್ಕೊಡು. ಮೂರೆಲೆ, ನಡುವಿನದಕ್ಕೆ ಉದ್ದ ತೊಟ್ಟು, ಪಕ್ಕದ ಎರಡಕ್ಕೆ ತೊಟ್ಟು ಇದ್ದೂ ಇಲ್ಲದ ಹಾಗೆ. ಕಾಂಡದ ಮೇಲೆ ಎಲೆ ಎದುರುಬದುರು ಇದ್ರೆ ಅದು ಬಾಕ್ಸ್‌ಎಲ್ಡರ್ ಮರದ ಸಸಿ. ಮುಳ್ಳಿದ್ರೆ ಬ್ಲ್ಯಾಕ್‌ಬೆರಿ ಜಾತಿ. ಐದೆಲೆ ಇದ್ರೆ ವರ್ಜೀನಿಯಾ ಕ್ರೀಪರ್ ಅನ್ನೋ ಬೇರೆ ಬಳ್ಳಿ.

ಡಾ. ವೀಣಾ: ಮಾವು, ಗೇರು, ಕರಿಗೇರು ಎಲ್ಲ ಪಾಯಿಸನ್ ಐವಿ ಕುಟುಂಬವೇ. ಮಾವಿನ ಸೊನೆಗೆ ಬಾಯಿ ಸುತ್ತ ಗುಳ್ಳೆ ಏಳೋರು ಐವಿ ಹತ್ರ ಇನ್ನೂ ಹುಷಾರಾಗಿರಬೇಕು. ಮೊದಲ ಸಲ ಸೋಕಿದವರಿಗೆ ಗುಳ್ಳೆ ಬರೋಕೆ ವಾರ ಎರಡು ವಾರ ಹಿಡೀಬಹುದು. “ನಂಗೇನೂ ಆಗ್ಲಿಲ್ಲ” ಅಂತ ಮತ್ತೆ ಕೈ ಹಾಕೋದು ಅದಕ್ಕೇ.

ರಮೇಶ: ಸರಿ, ಗ್ಲೌಸ್‌ನಲ್ಲಿ ಏನು ತಪ್ಪು?

ಗುರು: ತೆಳು ಲೇಟೆಕ್ಸ್ ರಬ್ಬರ್‌ನಿಂದ ಎಣ್ಣೆ ಒಳಗಿಳಿಯತ್ತೆ. ದಪ್ಪ ವಿನೈಲ್ ಬೇಕು, ತುಂಬುತೋಳಿನ ಅಂಗಿ ಅದರೊಳಕ್ಕೆ ಸೇರಿರಬೇಕು. ಮರ ಹತ್ತಿದ ಬಳ್ಳಿಯನ್ನ ಎಳೀಬೇಡಿ, ಮೈಮೇಲೇ ಬೀಳತ್ತೆ. ಬುಡದಲ್ಲಿ ಕತ್ತರಿಸಿ, ಕೆಲವೇ ನಿಮಿಷದೊಳಗೆ ಮೋಟಿಗೆ 20–25% ಗ್ಲೈಫೋಸೇಟ್ (ಕಳೆನಾಶಕ) ಬ್ರಷ್‌ನಲ್ಲಿ ಹಚ್ಚಿ. ತಡವಾದ್ರೆ ಕತ್ತರಿಸಿದ ಜಾಗ ಒಣಗಿ ಮದ್ದು ಬೇರಿಗೆ ಇಳಿಯಲ್ಲ.

ಸುಧಾ: ಮಾತೆತ್ತಿದ್ರೆ ಗ್ಲೈಫೋಸೇಟ್ ನಿಂದು. ಗುಲಾಬಿ ಮಡಿ ಪಕ್ಕ ಸ್ಪ್ರೇ ಮಾಡಿ ಗುಲಾಬಿನೇ ಸಾಯಿಸ್ತಾರೆ ಜನ. ಮೊಣಕಾಲೆತ್ತರದ ಗಿಡ ಆದ್ರೆ ಮಳೆ ಬಂದ ಮರುದಿನ ಮಣ್ಣು ಮೆತ್ತಗಿದ್ದಾಗ ಅಗೆದು, ಅಡ್ಡಬೇರು ಹಿಡಿದು ಪೂರ್ತಿ ತೆಗೀಬಹುದು. ತುಂಡು ಉಳಿದ್ರೆ ಮತ್ತೆ ಚಿಗುರತ್ತೆ, ಅಷ್ಟೇ.

ಗುರು: ಸ್ಪ್ರೇ ಅಂದ್ನಾ ನಾನು? ಬ್ರಷ್ ಅಂದೆ. ಮಣಿಕಟ್ಟಿನಷ್ಟು ದಪ್ಪ ಬಳ್ಳಿ ಬೇರು ಅಗೆದು ನೋಡು ಆಮೇಲೆ ಮಾತಾಡು.

ರಮೇಶ: ವಿನೆಗರ್, ಉಪ್ಪು, ಸೋಪು ಸಾಕು ಅಂತ ಇನ್ನೊಂದು ಫಾರ್ವರ್ಡ್ ಇದೆ 🙈

ಸುಧಾ: ಎಲೆ ಮಾತ್ರ ಕಂದು ಆಗತ್ತೆ, ಬೇರು ನಗ್ತಾ ಇರತ್ತೆ. ಉಪ್ಪಿನಿಂದ ಮಣ್ಣು ಬೇರೆ ಹಾಳು. ಇದರಲ್ಲಿ ಮಾತ್ರ ನಾನು ಗುರು ಕಡೆ.

ಡಾ. ವೀಣಾ: ಬ್ಲೀಚ್ ಚರ್ಮ ಸುಡತ್ತೆ, ಮರೆತುಬಿಡಿ. ಸೋಕಿದ ಕೂಡಲೇ, ಸಾಧ್ಯವಾದ್ರೆ 10 ನಿಮಿಷದೊಳಗೆ, ಪಾತ್ರೆ ತೊಳೆಯೋ ಸೋಪು, ಒದ್ದೆ ಬಟ್ಟೆಯಿಂದ ಉಜ್ಜಿ, ಧಾರಾಳವಾಗಿ ನೀರು ಹರಿಸಿ. ಉಗುರು ಸಂದಿನೂ ತಿಕ್ಕಿ. ಬಟ್ಟೆ ಬೇರೆಯಾಗಿ ಬಿಸಿನೀರಲ್ಲಿ ಒಗೀಬೇಕು. ಗುಳ್ಳೆ ನೀರಿನಿಂದ ಹರಡಲ್ಲ; ತೊಳೆಯದ ಎಣ್ಣೆಯಿಂದ ಹರಡತ್ತೆ. ಸಣ್ಣ ತುರಿಕೆಗೆ ತಣ್ಣೀರು ಪಟ್ಟಿ, ಕ್ಯಾಲಮೈನ್ ಲೋಷನ್. ಮುಖ, ಕಣ್ಣು, ಗುಪ್ತಾಂಗಕ್ಕೆ ಬಂದ್ರೆ ಅಥವಾ ಹೊಗೆ ಕುಡಿದು ಉಸಿರು ಕಟ್ಟಿದ್ರೆ ಡಾಕ್ಟರ್ ಹತ್ರ ಓಡಿ. ಸ್ಟೀರಾಯ್ಡ್ ಮಾತ್ರೆ ಕೊಟ್ರೆ ಸಾಮಾನ್ಯವಾಗಿ 2–3 ವಾರ, ನಿಧಾನಕ್ಕೆ ಇಳಿಸ್ತಾ. ಐದೇ ದಿನಕ್ಕೆ ನಿಲ್ಲಿಸಿದ್ರೆ ತಿರುಗಿ ಬರತ್ತೆ.

ಶಶಿ: ನಾಯಿ ಆ ಪೊದೆಲಿ ಓಡಾಡಿದ್ರೆ?

ಗುರು: ನಾಯಿಗೆ ಸಾಮಾನ್ಯವಾಗಿ ಏನೂ ಆಗಲ್ಲ, ಮುದ್ದು ಮಾಡಿದವರಿಗೆ ಆಗತ್ತೆ. ಗ್ಲೌಸ್ ಹಾಕಿ ಶಾಂಪೂ ಮಾಡಿ, ಪಟ್ಟಿ ಬೆಲ್ಟ್ ಕೂಡ ತೊಳೀರಿ. ಕಿತ್ತ ಗಿಡ ಗೊಬ್ಬರದ ಗುಂಡಿಗೆ ಬೇಡ, ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿ ಅಲ್ಲಿನ ಕಸದ ನಿಯಮದ ಪ್ರಕಾರ ಹಾಕಿ. ಹುಲ್ಲು ಕತ್ತರಿಸೋ ದಾರದ ಟ್ರಿಮ್ಮರ್ ಅಂತೂ ಹತ್ರಾನೇ ತರಬೇಡಿ, ರಸ ಮುಖಕ್ಕೇ ಸಿಡಿಯತ್ತೆ.

ಸುಧಾ: ಗುಲಾಬಿ ಹತ್ರ ಬ್ರಷ್ಷೂ ಬೇಡ 😏