ರಿಲೇ ಟಕ್ ಅಂದ್ರೂ ವೂಫರ್ ಸುಟ್ಟೋಯ್ತು, ಸ್ಪೀಕರ್ ಪ್ರೊಟೆಕ್ಷನ್ ಸರಿಯಾಗಿ ಕಟ್ಟೋದು ಹೇಗೆ?

ತಿಪಟೂರು_ಸೌಂಡ್:

ಎಲ್ರಿಗೂ ನಮಸ್ಕಾರ. ಮನೇಲೇ ಒಂದು ಸ್ಟೀರಿಯೋ ಆಂಪ್ ಕಟ್ಟಿದೀನಿ, ಸಿ5200 ಎ1943 ಔಟ್‌ಪುಟ್ ಟ್ರಾನ್ಸಿಸ್ಟರ್ ಎರಡೆರಡು ಜೋಡಿ ಇರೋ ಬೋರ್ಡು, 36-0-36 ಟ್ರಾನ್ಸ್‌ಫಾರ್ಮರ್, ಫಿಲ್ಟರ್ ಆದ್ಮೇಲೆ ಪ್ಲಸ್ ಮೈನಸ್ 51 ವೋಲ್ಟ್ ಬರುತ್ತೆ. ಆಂಪ್ ಕೆಟ್ಟು ಡಿಸಿ ಬಂದ್ರೆ ರಿಲೇ ಬಿಟ್ಟು ಸ್ಪೀಕರ್ ಲೈನ್ ಕಟ್ ಮಾಡೋ ಪ್ರೊಟೆಕ್ಷನ್‌ಗೆ ಯುಪಿಸಿ1237 ಐಸಿ ಇರೋ ರೆಡಿ ಕಿಟ್ ತಂದು ಹಾಕಿ ಅದಕ್ಕೆ ಅಂತಾನೇ ಚಿಕ್ಕದೊಂದು 12 ವೋಲ್ಟ್ ಟ್ರಾನ್ಸ್‌ಫಾರ್ಮರ್ ಬೇರೆ ಕೊಟ್ಟಿದ್ದೆ. ಹೋದ ವಾರ ಲೆಫ್ಟ್ ಚಾನೆಲ್‌ನಲ್ಲಿ ಒಂದು ಸಿ5200 ಶಾರ್ಟ್ ಆಯ್ತು, ರಿಲೇ ಟಕ್ ಅಂದಿದ್ದು ನಾನೇ ಕೇಳಿಸ್ಕೊಂಡೆ, ಆದ್ರೂ 12 ಇಂಚ್ ವೂಫರ್‌ನ ಕೋನ್ ಪೂರ್ತಿ ಹೊರಗೆ ಬಂದು ಹಾಗೇ ನಿಂತ್ಬಿಡ್ತು, ನಾನು ಓಡಿಹೋಗಿ ಪ್ಲಗ್ ಕೀಳೋ ಅಷ್ಟರಲ್ಲಿ ಹೊಗೆ. ರೈಲ್‌ನಲ್ಲಿ, ಅಂದ್ರೆ ಆ 51 ವೋಲ್ಟ್ ಸಪ್ಲೈ ಲೈನ್‌ನಲ್ಲಿ, 10 ಆಂಪ್ ಫ್ಯೂಸ್ ಇತ್ತು, ಅದು ಹೋಗೇ ಇಲ್ಲ. ರಿಲೇ ಕವರ್ ಬಿಚ್ಚಿ ನೋಡಿದ್ರೆ ಕಾಂಟ್ಯಾಕ್ಟ್ ಎರಡೂ ಕರಗಿ ಅಂಟ್ಕೊಂಡಿವೆ.

ರಿಲೇ ಕಟ್ ಆದ್ಮೇಲೂ ಹೀಗ್ಯಾಕಾಯ್ತು? ಐಸಿ ಡೂಪ್ಲಿಕೇಟಾ, ರಿಲೇ ಡೂಪ್ಲಿಕೇಟಾ? ಇದನ್ನ ಬಿಟ್ಟು ಟ್ರಾನ್ಸಿಸ್ಟರ್‌ನಲ್ಲೇ ಸರ್ಕ್ಯೂಟ್ ಮಾಡ್ಲಾ? ಹೊಸ ವೂಫರ್ ತರೋಕ್ ಮುಂಚೆ ಇದು ಗೊತ್ತಾಗ್ಬೇಕು.

ಬೆಸುಗೆ_ಬೋರ್ಡ್:

ಬ್ರದರ್, ಐಸಿ ಡೂಪ್ಲಿಕೇಟ್ ಇರಲ್ಲ, ಅದು ಡಿಸಿ ಬಂದಿದ್ದನ್ನ ಕಂಡುಹಿಡಿದು ರಿಲೇ ಬಿಟ್ಟಿದೆ, ಟಕ್ ಅಂದಿದ್ದೇ ಸಾಕ್ಷಿ. ತೊಂದರೆ ಇರೋದು ಕಾಂಟ್ಯಾಕ್ಟ್‌ನಲ್ಲಿ. ರಿಲೇ ಮೇಲೆ ಬರೆದಿರೋದನ್ನ ಓದಿ ನೋಡಿ, 10 ಆಂಪ್ 250 ವೋಲ್ಟ್ ಎಸಿ, ಅದರ ಕೆಳಗೇ 10 ಆಂಪ್ 30 ವೋಲ್ಟ್ ಡಿಸಿ ಅಂತ ಇರುತ್ತೆ. ಆ 30 ನೇ ಮುಖ್ಯ. ಎಸಿ ಆದ್ರೆ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತೆ, ಕಾಂಟ್ಯಾಕ್ಟ್ ಮಧ್ಯೆ ಹತ್ಕೊಳ್ಳೋ ಕಿಡಿ, ಅಂದ್ರೆ ಆರ್ಕ್, ತಾನೇ ಆರಿಹೋಗುತ್ತೆ. ಡಿಸಿ ಸೊನ್ನೆಗೆ ಬರೋದೇ ಇಲ್ಲ, ನಿಮ್ಮದು 51 ವೋಲ್ಟ್, ಕಾಂಟ್ಯಾಕ್ಟ್ ಮಧ್ಯೆ ಇರೋ ಜಾಗ ಒಂದು ಮಿಲಿಮೀಟರ್ ಕೂಡ ಇರಲ್ಲ, ಕಾಂಟ್ಯಾಕ್ಟ್ ಬಿಟ್ಮೇಲೂ ಆರ್ಕ್ ಉರೀತಾನೇ ಇರುತ್ತೆ, ವೆಲ್ಡಿಂಗ್ ಹೊಡೆದ ಹಾಗೆ.

8 ಓಮ್ ವೂಫರ್‌ನ ಕಾಯಿಲ್ ಮೀಟರ್‌ನಲ್ಲಿ ಅಳೆದ್ರೆ 6 ಓಮ್ ಹತ್ರ ತೋರಿಸುತ್ತೆ. 51 ಭಾಗಿಸು 6, ಎಂಟೂವರೆ ಆಂಪ್. ಅಂದ್ರೆ 400 ವ್ಯಾಟ್‌ಗಿಂತ ಜಾಸ್ತಿ ಬರೀ ಬಿಸಿ, ಅದೂ ಕೋನ್ ಅಲ್ಲಾಡದೆ ನಿಂತಿರೋವಾಗ ಕಾಯಿಲ್‌ಗೆ ಗಾಳಿ ಕೂಡ ಆಡಲ್ಲ. ಎಂಟೂವರೆ ಆಂಪ್‌ಗೆ 10 ಆಂಪ್ ಫ್ಯೂಸ್ ಯಾಕ್ ಹೋಗುತ್ತೆ ಹೇಳಿ.

ಈಗ ಮಾಡ್ಬೇಕಾದ್ದು. ಕಿಟ್‌ಗಳಲ್ಲಿ ಸಾಮಾನ್ಯವಾಗಿ ಆಂಪ್ ಔಟ್‌ಪುಟ್ ಕಾಮನ್‌ಗೆ, ಸ್ಪೀಕರ್ ಎನ್‌ಒ ಗೆ (ರಿಲೇ ಹಿಡಿದಾಗ ಕಾಮನ್‌ಗೆ ಸೇರೋ ಪಿನ್) ಕೊಟ್ಟಿರ್ತಾರೆ, ಎನ್‌ಸಿ ಪಿನ್ (ರಿಲೇ ಬಿಟ್ಟಾಗ ಕಾಮನ್‌ಗೆ ಸೇರೋದು) ಖಾಲಿ. ಅದನ್ನ ತಿರುಗಿಸಿ. ಆಂಪ್ ಎನ್‌ಒ ಗೆ, ಸ್ಪೀಕರ್ ಪ್ಲಸ್ ಕಾಮನ್‌ಗೆ, ಎನ್‌ಸಿ ನ ಸೀದಾ ಗ್ರೌಂಡ್‌ಗೆ. ರಿಲೇ ಬಿಟ್ಟ ತಕ್ಷಣ ಸ್ಪೀಕರ್‌ನ ಎರಡು ತುದೀನೂ ಗ್ರೌಂಡಲ್ಲಿರುತ್ತೆ, ಆರ್ಕ್ ಉರಿದ್ರೂ ಆ ಕರೆಂಟ್ ಗ್ರೌಂಡ್‌ಗೆ ಹೋಗಿ ರೈಲ್ ಫ್ಯೂಸ್ ಹಾರಿಸುತ್ತೆ. ರಿಲೇ ಹಾಳಾಗ್ಬಹುದು, ಆಗ್ಲಿ, ಅದು ಕಡಿಮೆ ದುಡ್ಡಿನ ಐಟಂ. ಈ ಎನ್‌ಸಿ ವೈರ್ ದಪ್ಪ ಇರ್ಬೇಕು, ಕಿಟ್‌ನ ಸಣ್ಣ ಟ್ರ್ಯಾಕ್ ಮೇಲೆ ಬೇಡ, ಫಿಲ್ಟರ್ ಕೆಪಾಸಿಟರ್ ಹತ್ರ ಇರೋ ಮೇನ್ ಗ್ರೌಂಡ್ ಪಾಯಿಂಟ್‌ಗೇ ತಗೊಂಡ್ಹೋಗಿ. ಫ್ಯೂಸ್ 5 ಆಂಪ್‌ಗೆ ಇಳಿಸಿ, ಒಂದೊಂದು ಚಾನೆಲ್‌ಗೂ ಬೇರೆ ಬೇರೆ.

ಹುಬ್ಬಳ್ಳಿ_ವೈಂಡಿಂಗ್:

ಮ್ಯಾಲಿನವ್ರು ಹೇಳಿದ್ದು ಖರೇ ಐತಿ. ಅದರ ಜೋಡಿ ಇನ್ನೊಂದು ನೋಡ್ರಿ ಸರ. ರಿಲೇ ಕಾಯಿಲ್ ಮ್ಯಾಲೆ ಉಲ್ಟಾ ಒಂದು 1ಎನ್4007 ಡಯೋಡ್ ಹಾಕಿರ್ತಾರ ಎಲ್ಲಾರೂ, ಟ್ರಾನ್ಸಿಸ್ಟರ್ ಉಳಿಲಿ ಅಂತ. ಆದ್ರ ಆ ಡಯೋಡ್ ಇದ್ರ ಕಾಯಿಲ್‌ನಾಗಿನ ಕರೆಂಟ್ ಸಾವಕಾಶ ಇಳಿತೈತಿ, ಕಾಂಟ್ಯಾಕ್ಟ್ ಮೆಲ್ಲಕ ಬಿಡತೈತಿ, ಮೆಲ್ಲಕ ಬಿಟ್ಟಷ್ಟು ಆರ್ಕ್ ಜಾಸ್ತಿ. ಡಯೋಡ್ ಜೋಡಿ ಸೀರೀಸ್‌ನಾಗ ಒಂದು 24 ವೋಲ್ಟ್ ಝೀನರ್ ಉಲ್ಟಾ ಸೇರಸ್ರಿ, ರಿಲೇ ಲಗೂನ ಬಿಡತೈತಿ. ರಿಲೇ ಓಡಸೋ ಟ್ರಾನ್ಸಿಸ್ಟರ್ ಸಪ್ಲೈ ಪ್ಲಸ್ ಆ 24 ಎರಡನ್ನೂ ತಡಕೊಳ್ಳೋ ವೋಲ್ಟೇಜಿಂದು ಇರಬೇಕ ಮತ್ತ.

ಟ್ರಾನ್ಸಿಸ್ಟರ್‌ನಾಗ ಮಾಡ್ತೀನಿ ಅಂದ್ರ ಇನ್‌ಪುಟ್ ಫಿಲ್ಟರ್ 22ಕೆ ಮತ್ತ 47 ಮೈಕ್ರೋ ಬೈಪೋಲಾರ್ (ಪ್ಲಸ್ ಮೈನಸ್ ಭೇದ ಇಲ್ಲದ್ದು) ಕೆಪಾಸಿಟರ್ ಇಡ್ರಿ. ಬೈಪೋಲಾರ್ ಸಿಗಲಿಲ್ಲ ಅಂದ್ರ 100 ಮೈಕ್ರೋ ಎರಡು ತಗೊಂಡು ಮೈನಸ್ಸಿಗೆ ಮೈನಸ್ ಕೂಡಿಸ್ರಿ. 51 ವೋಲ್ಟ್ ಡಿಸಿ ಬಂದ್ರ 13-14 ಮಿಲಿಸೆಕೆಂಡ್‌ನಾಗ 0.65 ವೋಲ್ಟ್ ಆಗಿ ಟ್ರಾನ್ಸಿಸ್ಟರ್ ಆನ್ ಆಗತೈತಿ. 20 ಹರ್ಟ್ಸ್ ಬೇಸ್ ಫುಲ್ ಕೊಟ್ರೂ ಅಲ್ಲಿ 0.4 ವೋಲ್ಟ್ ಒಳಗ ಇರತೈತಿ. ಕೆಲವ್ರು ಇನ್ನೂ ಫಾಸ್ಟ್ ಆಗ್ಲಿ ಅಂತ 10 ಮೈಕ್ರೋ ಹಾಕ್ತಾರ, ಆಮ್ಯಾಲೆ ತಮಟಿ ಡೊಳ್ಳಿನ ಹಾಡು ಹಚ್ಚಿದ್ರ ರಿಲೇ ಟಕ ಟಕ ಅಂತೈತಿ. ಅದು ಬ್ಯಾಡ.

ತಿಪಟೂರು_ಸೌಂಡ್:

ತುಂಬಾ ಥ್ಯಾಂಕ್ಸ್ ಇಬ್ರಿಗೂ, ಫ್ಯೂಸ್ ಯಾಕೆ ಹೋಗಿಲ್ಲ ಅನ್ನೋದು ಈಗ ಅರ್ಥ ಆಯ್ತು. ರಿಲೇ ಬದಲು ಮಾಸ್ಫೆಟ್ ಅನ್ನೋ ಟ್ರಾನ್ಸಿಸ್ಟರ್‌ನ ಸ್ವಿಚ್ ಥರ ಹಾಕಿದ್ರೆ ಆರ್ಕೇ ಇರಲ್ವಲ್ಲ, ಅದು ಹೇಗೆ? ಮತ್ತೆ ನನ್ ಕಿಟ್‌ನಲ್ಲಿ ಆನ್ ಮಾಡಿದಾಗ ಡಿಲೇ ಸರಿಯಾಗಿದೆ, ಆಫ್ ಮಾಡಿದಾಗ ಮಾತ್ರ ಧಪ್ ಅಂತ ಬರುತ್ತೆ.

ಬೆಂಗ್ಳೂರ್_ಕ್ಲಾಸ್‌ಎಬಿ:

ಮಾಸ್ಫೆಟ್ ನಾನು ಬಳಸ್ತಿದೀನಿ, ನನಗೆ ಅದೇ ಇಷ್ಟ. ಎರಡು ಎನ್ ಚಾನೆಲ್, ಸೋರ್ಸ್‌ಗೆ ಸೋರ್ಸ್ ಕೂಡಿಸಿ ಸ್ಪೀಕರ್ ಲೈನ್‌ನಲ್ಲಿ ಸೀರೀಸ್. ಒಂದೇ ಹಾಕಿದ್ರೆ ಒಳಗಿನ ಡಯೋಡ್ ಒಂದು ಕಡೆ ಕರೆಂಟ್ ಬಿಟ್ಬಿಡುತ್ತೆ, ಅದಕ್ಕೇ ಜೋಡಿ. ಐಆರ್‌ಎಫ್‌ಬಿ4110 ಥರದ 100 ವೋಲ್ಟ್ ಪಾರ್ಟ್ ನಿಮ್ಮ 51 ಕ್ಕೆ ಸಾಕು, ಆನ್ ಇರೋವಾಗ ಅಡ್ಡ ಬರೋದು ಒಂದೊಂದಕ್ಕೂ ನಾಲ್ಕೈದು ಮಿಲಿಓಮ್ ಅಷ್ಟೇ. ಗೇಟ್ ಡ್ರೈವ್‌ಗೆ ವಿಒಎಂ1271 ಅಂತ ಫೋಟೋವೋಲ್ಟಾಯಿಕ್ ಡ್ರೈವರ್ ಇದೆ, ಎಲ್‌ಇಡಿಗೆ ಕರೆಂಟ್ ಕೊಟ್ರೆ ಗೇಟ್‌ಗೆ ಬೇಕಾದ ವೋಲ್ಟೇಜ್ ಅದೇ ಮಾಡ್ಕೊಳ್ಳುತ್ತೆ. ಬೆಂಗ್ಳೂರಿನ ಎಸ್‌ಪಿ ರೋಡ್ ಅಂಗಡಿಗಳಲ್ಲಿ ಕೇಳೋದಾದ್ರೆ ಮಾಸ್ಫೆಟ್ ಒರಿಜಿನಲ್ಲಾ ಅಂತ ನೋಡಿ ತಗೊಳ್ಳಿ, ಡೂಪ್ಲಿಕೇಟ್ ಇಲ್ಲಿ ಶಾರ್ಟ್ ಆದ್ರೆ ಪ್ರೊಟೆಕ್ಷನ್ ಹಾಕಿನೂ ಹಾಕದ ಹಾಗೆ.

ಆಫ್ ಮಾಡಿದಾಗ ಧಪ್ ಅನ್ನೋದು 1237 ರ 4 ನೇ ಪಿನ್. ಅದಕ್ಕೆ ಟ್ರಾನ್ಸ್‌ಫಾರ್ಮರ್ ಎಸಿ ಹೋಗ್ಬೇಕು, ಎಸಿನ ಡಿಸಿ ಮಾಡೋ ಡಯೋಡ್ ಬ್ರಿಡ್ಜ್‌ಗೂ ಮುಂಚೆ. ಕೆಪಾಸಿಟರ್ ಆದ್ಮೇಲಿನ ಡಿಸಿ ಕೊಟ್ಟಿದ್ರೆ ಸ್ವಿಚ್ ಆಫ್ ಆದ್ರೂ ಐಸಿಗೆ ಗೊತ್ತಾಗಲ್ಲ, ಕೆಪಾಸಿಟರ್ ಖಾಲಿ ಆಗೋವರೆಗೂ ರಿಲೇ ಹಿಡ್ಕೊಂಡೇ ಇರುತ್ತೆ.

ಹೊಸ ವೂಫರ್ ಕೂಡಿಸೋಕ್ ಮುಂಚೆ ಟೆಸ್ಟ್ ಮಾಡಿ. ಆಂಪ್ ಬೇಡ, ಸ್ಪೀಕರ್ ಬೇಡ, ಪ್ರೊಟೆಕ್ಷನ್ ಇನ್‌ಪುಟ್‌ಗೆ ಒಂದು 1.5 ವೋಲ್ಟ್ ಸೆಲ್ ಇಟ್ಟು ನೋಡಿ, ರಿಲೇ ಬಿಡ್ಬೇಕು, ಸೆಲ್ ತಿರುಗಿಸಿ ಇಟ್ರೂ ಬಿಡ್ಬೇಕು. ಬಹಳ ಜನ ಒಂದೇ ಕಡೆ ನೋಡಿ ಬಿಟ್ಬಿಡ್ತಾರೆ, ಮೈನಸ್ ರೈಲ್ ಬಂದಾಗ ಕೈಕೊಡುತ್ತೆ. ಆಮೇಲೆ ಆಂಪ್‌ನ 100 ವ್ಯಾಟ್ ಬಲ್ಬ್ ಸೀರೀಸ್ ಬೋರ್ಡ್ ಮೇಲೆ ಆನ್ ಮಾಡಿ ಔಟ್‌ಪುಟ್ ಡಿಸಿ ಅಳೀರಿ, 50 ಮಿಲಿವೋಲ್ಟ್ ಒಳಗಿದ್ರೆ ಮುಂದಕ್ಕೆ ಹೋಗಿ. ಸಿ5200 ಯಾಕೆ ಶಾರ್ಟ್ ಆಯ್ತು ಅಂತಾನೂ ನೋಡಿ, ಹೀಟ್‌ಸಿಂಕ್ ಮಧ್ಯದ ಮೈಕಾ ಶೀಟ್ ತೂತಾಗಿದ್ಯಾ, ಬಯಾಸ್ (ಹಾಡು ಇಲ್ದಾಗ್ಲೂ ಹರಿಯೋ ಕರೆಂಟ್) ಜಾಸ್ತಿ ಇದ್ಯಾ ಅಂತ.

ಮಂಡ್ಯ_ಡಿಜೆ:

ಇದೇ ಕಿಟ್‌ನ ನನ್ನ ಟಿಡಿಎ7377 ಐಸಿ ಆಂಪ್ ಬೋರ್ಡ್‌ಗೂ ಹಾಕ್ಬಹುದಾ ಅಣ್ಣ? 12 ವೋಲ್ಟ್ ಬ್ಯಾಟರಿ ಮೇಲೆ ಓಡುತ್ತೆ, ಎರಡೆರಡು ಔಟ್‌ಪುಟ್ ಮಧ್ಯೆ ಸ್ಪೀಕರ್ ಕೊಟ್ಟು ಬ್ರಿಡ್ಜ್ ಮಾಡಿದೀನಿ.

ಬೆಂಗ್ಳೂರ್_ಕ್ಲಾಸ್‌ಎಬಿ:

ಹಾಗೇ ಹಾಕಿದ್ರೆ ರಿಲೇ ಆನೇ ಆಗಲ್ಲ. ಅದ್ರಲ್ಲಿ ಸ್ಪೀಕರ್‌ನ ಎರಡು ವೈರ್‌ನಲ್ಲೂ ಗ್ರೌಂಡ್‌ಗೆ ಹೋಲಿಸಿದ್ರೆ ಯಾವಾಗ್ಲೂ 6 ವೋಲ್ಟ್ ಇರುತ್ತೆ, ಕಿಟ್ ಅದನ್ನೇ ಫಾಲ್ಟ್ ಅಂದ್ಕೊಳ್ಳುತ್ತೆ. ಎರಡು ವೈರ್ ಮಧ್ಯದ ವ್ಯತ್ಯಾಸ ನೋಡೋ ಸರ್ಕ್ಯೂಟ್ ಬೇಕು, ಮತ್ತೆ ಮೇಲೆ ಹೇಳಿದ ಎನ್‌ಸಿ ಗ್ರೌಂಡ್ ವೈರಿಂಗ್ ನಿನ್ ಬೋರ್ಡ್‌ಗೆ ಮಾಡ್ಲೇಬೇಡ.