ದಿಕೆಮ್ 2009: ಬಾಟಲಿಯ ತಳದಲ್ಲಿ ಹರಳು, ಬಣ್ಣವೂ ಗಾಢ. ಕೆಟ್ಟಿದೆಯೇ?

ಹೊಂಬಣ್ಣ:
ಶಾಟೊ ದಿಕೆಮ್ 2009, ಫ್ರಾನ್ಸಿನ ಸಿಹಿ ಬಿಳಿ ವೈನ್, 375 ಮಿ.ಲೀ. ಬಾಟಲಿ. ಕೆಲವು ತಿಂಗಳಿಂದ ಅಡುಗೆಮನೆಯ ಫ್ರಿಜ್‌ನಲ್ಲಿದೆ. ತಳದಲ್ಲಿ ಸಕ್ಕರೆಯಂಥ ಬಿಳಿ ಹರಳು ಕೂತಿವೆ, ಬಣ್ಣ ಗಾಢ ಹಳದಿ. ಕೆಟ್ಟಿರಬಹುದೇ? ಈಗಲೇ ತೆರೆಯಲೇ, ಇನ್ನೂ ಇಡಲೇ? ಇನ್ನೊಂದು: ಇದೇ ತೋಟದ 2012 ಎಲ್ಲೂ ಸಿಗುವುದಿಲ್ಲ, ಯಾಕೆ?

ನೆಲಮಾಳಿಗೆ:
ಅವು ಸಕ್ಕರೆಯಲ್ಲ, ಟಾರ್ಟಾರಿಕ್ ಆಮ್ಲದ ಲವಣ. ಫ್ರಿಜ್‌ನ 4 ಡಿಗ್ರಿ ತಣ್ಣಗೆ ಹರಳಾಗಿ ಇಳಿದಿದೆ, ಅಪಾಯವಿಲ್ಲ. ತೆರೆಯುವ ಹಿಂದಿನ ದಿನ ಬಾಟಲಿ ನೆಟ್ಟಗೆ ನಿಲ್ಲಿಸಿ, ನಿಧಾನವಾಗಿ ಬಗ್ಗಿಸಿ ಸುರಿಯಿರಿ, ಹರಳು ತಳದಲ್ಲೇ ಉಳಿಯುತ್ತವೆ. ಬಣ್ಣ ಗಾಢವಾಗುವುದು ವಯಸ್ಸಿನಿಂದ. ದಶಕಗಳು ಕಳೆದರೆ ಜೇನಿನ ಬಣ್ಣಕ್ಕೂ ತಿರುಗುತ್ತದೆ.

ಹೆದರಬೇಕಾದ ಗುರುತುಗಳು ಬೇರೆ. ವೈನ್ ಮಬ್ಬಾಗಿ ಗುಳ್ಳೆ ಬರುತ್ತಿದ್ದರೆ ಉಳಿದ ಸಕ್ಕರೆ ಬಾಟಲಿಯೊಳಗೇ ಮತ್ತೆ ಹುಳಿಯುತ್ತಿದೆ. ಒದ್ದೆ ರಟ್ಟಿನ ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ. ಬಾಟಲಿಯ ಹೊರಗೆ ಅಂಟು ಜಿನುಗಿ, ಕತ್ತಿನಲ್ಲಿ ಮಟ್ಟ ಇಳಿದಿದ್ದರೆ ಗಾಳಿ ಒಳಗೆ ಹೋಗಿದೆ.

ತಿಂಗಳುಗಟ್ಟಲೆ ಫ್ರಿಜ್‌ನಲ್ಲಿ ಇಡಬೇಡಿ. ಒಳಗಿನ ಒಣಗಾಳಿಗೆ ಕಾರ್ಕ್ ಒಣಗಿ ಕುಗ್ಗುತ್ತದೆ. 12–14 ಡಿಗ್ರಿ, ಕತ್ತಲು, ಅಡ್ಡ ಮಲಗಿಸಿದ ಬಾಟಲಿ: ಇಷ್ಟಿದ್ದರೆ ಇನ್ನೂ ಹತ್ತಾರು ವರ್ಷ ಇಡಬಹುದು. ಆ ಏರ್ಪಾಡು ಇಲ್ಲದಿದ್ದರೆ ಈಗಲೇ ತೆರೆಯಿರಿ, ಸಂಕೋಚ ಬೇಡ. ನಿಮ್ಮದರಂಥ 375 ಮಿ.ಲೀ. ಅರ್ಧ ಬಾಟಲಿಯಲ್ಲಿ ವೈನಿನ ಪ್ರಮಾಣಕ್ಕೆ ಗಾಳಿಯ ಪಾಲು ಹೆಚ್ಚು, ಅದು ದೊಡ್ಡ ಬಾಟಲಿಗಿಂತ ಬೇಗ ಮಾಗುತ್ತದೆ.

ಬಳ್ಳಿಸಾಲು:
2012 ಸಿಗದಿರುವುದಕ್ಕೆ ಕಾರಣ, ಆ ವರ್ಷ ದಿಕೆಮ್ ಮಾಡಲೇ ಇಲ್ಲ. 1992ರಲ್ಲೂ ಮಾಡಿರಲಿಲ್ಲ. ಬೋರ್ಡೊ ವೈನ್‌ಗಳ 1855ರ ವರ್ಗೀಕರಣದಲ್ಲಿ ಸೋತೆರ್ನ್ ಸೀಮೆಯ ಉಳಿದೆಲ್ಲ ತೋಟಗಳಿಗಿಂತ ಮೇಲೆ, ಇದೊಂದಕ್ಕೇ ಪ್ರತ್ಯೇಕ ದರ್ಜೆ ಕೊಟ್ಟಿದ್ದರು. ಆ ಹೆಸರು ಉಳಿದಿರುವುದೇ ಇಂಥ ನಿರ್ಧಾರಗಳಿಂದ.

ಎಲ್ಲವೂ ನಿಂತಿರುವುದು ಬೊಟ್ರೈಟಿಸ್ ಎಂಬ ಬೂಷ್ಟಿನ ಮೇಲೆ. ತಣ್ಣನೆಯ ಸಿರೋನ್ ಹೊಳೆ ಬೆಚ್ಚಗಿನ ಗರೋನ್ ನದಿಗೆ ಸೇರುವಲ್ಲಿ ಶರತ್ಕಾಲದ ಬೆಳಗ್ಗೆ ಮಂಜು ಏಳುತ್ತದೆ, ಬೂಷ್ಟು ಹಿಡಿಯುತ್ತದೆ. ಮಧ್ಯಾಹ್ನದ ಬಿಸಿಲು ಅದನ್ನು ಹದದಲ್ಲಿಡುತ್ತದೆ. ಇಲ್ಲಿನ ಸೆಮಿಯೋನ್ ಎಂಬ ದ್ರಾಕ್ಷಿಯ ಸಿಪ್ಪೆ ತೆಳು. ಬೂಷ್ಟು ಅದನ್ನು ತೂತು ಮಾಡಿದಾಗ ನೀರು ಆರಿ ಸಕ್ಕರೆ, ಹುಳಿ ಎರಡೂ ಗಟ್ಟಿಯಾಗುತ್ತವೆ. ಅದೇ ಹೊತ್ತಿಗೆ ಮಳೆ ಹಿಡಿದರೆ ಹಣ್ಣು ನೀರು ಕುಡಿಯುತ್ತದೆ, ಬರೀ ಕೊಳೆತ ಉಳಿಯುತ್ತದೆ. 2012ರ ಕೊಯ್ಲಿನಲ್ಲಿ ಕಾಟ ಕೊಟ್ಟಿದ್ದು ಮಳೆಯೇ.

ಗೊಂಚಲನ್ನು ಒಮ್ಮೆಗೇ ಕೊಯ್ಯುವುದಿಲ್ಲ. ಹದಕ್ಕೆ ಬಂದ ಹಣ್ಣನ್ನಷ್ಟೇ ಆರಿಸಲು ಒಂದೇ ಸಾಲಿಗೆ ಐದಾರು ಸಲ ಹೋಗುತ್ತಾರೆ. ಒಂದು ಬಳ್ಳಿಗೆ ಸುಮಾರು ಒಂದು ಗ್ಲಾಸ್ ವೈನ್, ಅಷ್ಟೇ. ರಸದ ಸಕ್ಕರೆಯೆಲ್ಲ ಹುಳಿದರೆ ಸುಮಾರು ಶೇ. 20 ಮದ್ಯಾಂಶ ಬರಬೇಕು, ಯೀಸ್ಟ್ ಶೇ. 14ರ ಆಸುಪಾಸಿನಲ್ಲೇ ಸೋಲುತ್ತದೆ. ಶೇ. 1 ಮದ್ಯಾಂಶಕ್ಕೆ ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಲೆಕ್ಕ ಹಾಕಿ, ನೂರಕ್ಕೂ ಹೆಚ್ಚು ಗ್ರಾಂ ಉಳಿಯುತ್ತದೆ. ಇಷ್ಟಾದರೂ ಬಾಯಿಗೆ ಪಾಕದಂತೆ ಅಂಟುವುದಿಲ್ಲ, ಹುಳಿಯೂ ಅಷ್ಟೇ ಬಲವಾಗಿರುವುದರಿಂದ.

ಹೊಂಬಣ್ಣ:
ಇಬ್ಬರಿಗೂ ಧನ್ಯವಾದ. ಹಾಗಾದರೆ ಈ ವಾರವೇ ತೆರೆಯುತ್ತೇನೆ. ಊಟದ ಕೊನೆಗೆ ಜಾಮೂನಿನ ಜೊತೆ ಕೊಟ್ಟರೆ ಹೇಗೆ? ಉಳಿದರೆ ಎಷ್ಟು ದಿನ ಇಡಬಹುದು?

ನೆಲಮಾಳಿಗೆ:
ಜಾಮೂನು ದಯವಿಟ್ಟು ಬೇಡ. ವೈನಿಗಿಂತ ಸಿಹಿಯಾದದ್ದು ಬಾಯಲ್ಲಿದ್ದರೆ ವೈನ್ ಸಪ್ಪೆಯೂ ಹುಳಿಯೂ ಆಗಿ ತೋರುತ್ತದೆ. ಉಪ್ಪು ಹೊಂದುತ್ತದೆ: ರೋಕ್‌ಫೋರ್ ಚೀಸ್ ಹಳೆಯ ಜೋಡಿ, ಉಪ್ಪು ಹಾಕಿ ಹುರಿದ ಬಾದಾಮಿಯೂ ಆದೀತು. ಸಾದಾ ಹುರಿದ ಕೋಳಿಯ ಜೊತೆ ಊಟದ ನಡುವೆಯೇ ಕೊಡಬಹುದು.

ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಹೊರಗಿಡಿ, 10–12 ಡಿಗ್ರಿಗೆ ಬರಲಿ. ಅದಕ್ಕಿಂತ ತಣ್ಣಗಿದ್ದರೆ ಪರಿಮಳ ಮುಚ್ಚಿಹೋಗಿ ಸಿಹಿಯಷ್ಟೇ ಗೊತ್ತಾಗುತ್ತದೆ. ತಲೆಗೆ 60–70 ಮಿ.ಲೀ. ಸಾಕು, ಐದು ಜನರಿಗೆ ಬರುತ್ತದೆ. ಚಿಕ್ಕ ಲಿಕ್ಯೂರ್ ಗ್ಲಾಸ್ ಬೇಡ, ಮಾಮೂಲಿ ಬಿಳಿ ವೈನ್ ಗ್ಲಾಸೇ ಇರಲಿ. ಉಳಿದದ್ದಕ್ಕೆ ಕಾರ್ಕ್ ಹಾಕಿ ಫ್ರಿಜ್‌ನಲ್ಲಿ ನೆಟ್ಟಗಿಟ್ಟರೆ ಒಂದು ವಾರ ಚಿಂತೆಯಿಲ್ಲ.