ಅಲಸಂದೆಗೆ ಕಪ್ಪು ಹೇನು: ಮದ್ದು ಹೊಡೆಯಬೇಕಾ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಕೊಡಗಿನ ಶನಿವಾರಸಂತೆ ಹತ್ತಿರ. ಭತ್ತ ಕೊಯ್ದ ಗದ್ದೆಯಲ್ಲಿ ಅಲಸಂದೆ ಹಾಕಿದ್ದೇವೆ. ಈಗ ಹೂ ಬಿಟ್ಟಿದೆ. ಕುಡಿಯಲ್ಲಿ, ಎಳೆ ಕಾಯಿ ಮೇಲೆ ಕಪ್ಪು ಹೇನು ಮುತ್ತಿದೆ. ಎಲೆ ಅಂಟಂಟು, ಇರುವೆಯೂ ಜಾಸ್ತಿ. ಜೊತೆಗೆ ಕಪ್ಪು ಮೈಯ, ಮುಳ್ಳು ಮುಳ್ಳಾದ ಹುಳು ಓಡಾಡುತ್ತಿದೆ. ಅಂಗಡಿಯವರು ಎರಡಕ್ಕೂ ಒಂದೇ ಮದ್ದು ಕೊಟ್ಟಿದ್ದಾರೆ. ನಾಳೆ ಹೊಡೆಯಲಾ?

ಉತ್ತರ: ನಾಳೆ ಬೇಡ, ದಯವಿಟ್ಟು. ನೀವು ಹೇಳಿದ ಗುರುತು ನೋಡಿದರೆ ಆ ಮುಳ್ಳು ಹುಳು ಗುಲಗಂಜಿ ಹುಳುವಿನ ಮರಿ. ಪುಟ್ಟ ಮೊಸಳೆಯ ಹಾಗಿರುತ್ತದೆ. ಅದು ನಿಮ್ಮ ಬೆಳೆ ತಿನ್ನುವುದಿಲ್ಲ, ಹೇನು ತಿನ್ನುತ್ತದೆ. ದೊಡ್ಡದಾದರೆ ಕಿತ್ತಳೆ ಬೆನ್ನಿನ ಮೇಲೆ ಕಪ್ಪು ಅಂಕುಡೊಂಕು ಗೆರೆ ಬರುವ ಜಾತಿ ನಮ್ಮ ಕಡೆ ಸಾಮಾನ್ಯ. ಹೇನಿನ ಗುಂಪಿನ ನಡುವೆ ಕಾಲಿಲ್ಲದ ಹಸಿರು ಹುಳು ಕಂಡರೂ ಬಿಡಿ, ಅದು ಹೂನೊಣದ ಮರಿ. ಅದೂ ಹೇನನ್ನೇ ಹೀರುತ್ತದೆ.

ಈ ಕಪ್ಪು ಹೇನು ಗಂಡಿನ ಹಂಗಿಲ್ಲದೆ ನೇರ ಮರಿ ಹಾಕುತ್ತದೆ. ಬಿಸಿಲಿನ ದಿನಗಳಲ್ಲಿ ಆ ಮರಿ ವಾರ, ಹತ್ತು ದಿನದೊಳಗೆ ತಾನೂ ಮರಿ ಹಾಕುತ್ತದೆ. ಗುಲಗಂಜಿ ಹುಳು ಮೊಟ್ಟೆಯಿಟ್ಟು ಬೆಳೆಯಲು ಅದಕ್ಕಿಂತ ಜಾಸ್ತಿ ದಿನ ಬೇಕು. ಕಟು ಮದ್ದು ಹೊಡೆದರೆ ಎರಡೂ ಸಾಯುತ್ತವೆ. ಉಳಿದ ನಾಲ್ಕು ಹೇನು ಮತ್ತೆ ತುಂಬಿಕೊಳ್ಳುತ್ತವೆ, ತಿನ್ನುವವರು ಮಾತ್ರ ಇರುವುದಿಲ್ಲ. ಹೂವಿಗೆ ಬರುವ ಜೇನೂ ಹೋಗುತ್ತದೆ.

ಮೊದಲು ಇರುವೆ ನೋಡಿ. ಕಾಫಿ ಗಿಡದಲ್ಲಿ ರಸ ಹೀರುವ ಬಿಳಿ ಹಿಟ್ಟು ತಿಗಣೆಯನ್ನು ಇರುವೆ ಕಾಯುವುದು ನಿಮಗೆ ಗೊತ್ತೇ ಇದೆ ಅಲ್ವಾ? ಇಲ್ಲೂ ಅದೇ. ಹೇನು ಬಿಡುವ ಸಿಹಿ ಅಂಟಿಗಾಗಿ ಇರುವೆಗಳು ಗುಲಗಂಜಿ ಹುಳುವನ್ನು ಓಡಿಸುತ್ತವೆ. ಬದುವಿನಲ್ಲಿ ಗೂಡು ಹುಡುಕಿ ಕೆದಕಿ. ತೀರಾ ಮುತ್ತಿದ ಕುಡಿಗಳನ್ನು ಚಿವುಟಿ ಚೀಲಕ್ಕೆ ಹಾಕಿ, ಆದರೆ ಆ ಮೊಸಳೆಯಂಥ ಮರಿ ಇದ್ದರೆ ಗಿಡಕ್ಕೇ ಬಿಡಿ. ಯೂರಿಯಾ ಹಾಕುತ್ತಿದ್ದರೆ ನಿಲ್ಲಿಸಿ, ಎಳೆ ಚಿಗುರು ಜಾಸ್ತಿಯಾದಷ್ಟೂ ಹೇನಿಗೆ ಹಬ್ಬ.

ಪ್ರಶ್ನೆ (ಇನ್ನೊಬ್ಬರು): ನಮ್ಮ ಅವರೆಯಲ್ಲಿ ಕೆಲವು ಹೇನು ಕಂದು ಬಣ್ಣಕ್ಕೆ ತಿರುಗಿ, ಊದಿ, ಎಲೆಗೆ ಅಂಟಿಕೊಂಡಿವೆ. ರೋಗವಾ ಮೇಡಂ?

ಉತ್ತರ: ಅಲ್ಲ, ಒಳ್ಳೆಯ ಸುದ್ದಿ. ಸಣ್ಣ ಕಣಜವೊಂದು ಹೇನಿನೊಳಗೆ ಮೊಟ್ಟೆ ಇಟ್ಟಿದೆ. ಮರಿ ಒಳಗಿನಿಂದ ತಿಂದು, ಬೆನ್ನಿನಲ್ಲಿ ದುಂಡು ತೂತು ಕೊರೆದು ಹೊರಬರುತ್ತದೆ. ಆ ಎಲೆ ಕೀಳಬೇಡಿ.

ಪ್ರಶ್ನೆ (ಮೊದಲಿನವರು): ಹುಳು ಇದ್ದೂ ಹೇನು ಕಮ್ಮಿಯಾಗದಿದ್ದರೆ?

ಉತ್ತರ: ಮೂರ್ನಾಲ್ಕು ದಿನ ಬಿಟ್ಟು ಅದೇ ಗಿಡಗಳನ್ನು ನೋಡಿ. ಹೊಸ ಕುಡಿಗೂ ಹೇನು ಏರುತ್ತಿದ್ದರೆ ಸಂಜೆ ಹೊತ್ತು ಬೇವಿನ ಸೋಪಿನ ನೀರು, ಪೊಟ್ಟಣದಲ್ಲಿ ಬರೆದ ಅಳತೆಯಲ್ಲಿ, ಮುತ್ತಿದ ಗಿಡಕ್ಕೆ ಮಾತ್ರ, ಎಲೆಯ ಅಡಿಗೆ ತಾಗುವಂತೆ ಹೊಡೆಯಿರಿ. ಎಲೆ ಮುದುಡಿ ಹಳದಿ-ಹಸಿರು ಮಚ್ಚೆ ಬಂದ ಗಿಡ ಇದ್ದರೆ ಕಿತ್ತುಬಿಡಿ. ಅದು ನಂಜುರೋಗ, ಅಂದರೆ ವೈರಸ್ ರೋಗ ಇರಬಹುದು. ಹೇನೇ ಅದನ್ನು ಗಿಡದಿಂದ ಗಿಡಕ್ಕೆ ಹರಡುತ್ತದೆ, ಮದ್ದಿನಿಂದ ವಾಸಿಯಾಗುವುದಿಲ್ಲ.